ಟೆನರಿನ ಪುಸ್ತಕ

ಬೈಕಲಾದ ನಮ್ಮ ಕನ್ನಡ ದೇವಾಲಯದಲ್ಲಿ
ಹಾರ್ಮೋನಿಯಮ್ಮಿನ ಹಿಂದಿನ ಕಪಾಟು ತೆಗೆದರೆ
ಮೊದಲು ಬರುವುದು ನುಸಿಗುಳಿಗೆಯ ವಾಸನೆ,
ಆಮೇಲೆ ಮೂರು ಪುಸ್ತಕ: ಸೊಪ್ರಾನೊ, ಆಲ್ಟೊ, ಬಾಸ್.
ನಾಲ್ಕನೆಯದು ಇರಬೇಕಿತ್ತು.

ಆ ಕಾಲದಲ್ಲಿ ಹಾಗೆ. ದನಿಗೊಂದು ಪುಸ್ತಕ.
ಪಕ್ಕದವರ ಸಾಲು ನಮಗೆ ಕಾಣುವುದಿಲ್ಲ,
ಕಿವಿಯಿಂದಲೇ ತಿಳಿಯಬೇಕು.
ಚಾಳಿನಲ್ಲಿ ಬೆಳೆದವಳಿಗೆ ಇದು ಹೊಸತಲ್ಲ.
ಪರದೆಯಾಚೆ ಚಿಕ್ಕಪ್ಪ ಕೆಮ್ಮಿದ ರೀತಿಯಲ್ಲೇ
ಗಿರಣಿಯ ಪಗಾರ ಆಯಿತೋ ಇಲ್ಲವೋ
ಗೊತ್ತಾಗುತ್ತಿತ್ತು.

ಬರೆದವನ ಹೆಸರನ್ನು ಗೆದ್ದಲು ಅರ್ಧ ತಿಂದಿದೆ.
ಉಳಿದದ್ದು 'ಹಾರ್ಟ್' ಅಷ್ಟೇ. ನಾವು ಹಾರ್ಟಪ್ಪ ಅನ್ನುತ್ತೇವೆ.
ಮಂಗಳೂರಿನ ಹಳೆಯ ಪಾದ್ರಿಯೊಬ್ಬರು ಅಂಟಿಸಿದ ಚೀಟಿಯಲ್ಲಿ
ಅವನ ಬಾಳು ಹನ್ನೊಂದು ಸಾಲು.
ಸ್ಯಾಕ್ಸನಿಯ ಸಣ್ಣದೊಂದು ಊರು,
ಮತಸುಧಾರಣೆಯ ಬಿಸಿ ಇನ್ನೂ ಆರದ ಕಾಲ.
ವಾರವೆಲ್ಲ ಹುಡುಗರಿಗೆ ಲ್ಯಾಟಿನ್, ಭಾನುವಾರ ಗಾಯನ.
ಸಂಬಳ ಹನ್ನೆರಡು ಮೂಟೆ ರೈ, ಸೌದೆ, ಒಂದಿಷ್ಟು ಬಿಯರು.
ಚಳಿಗಾಲದಲ್ಲಿ ಬಡ ಹುಡುಗರನ್ನು ಕಟ್ಟಿಕೊಂಡು
ಬಾಗಿಲು ಬಾಗಿಲಿಗೆ ಹಾಡಿಸಿ ರೊಟ್ಟಿ ಕೂಡಿಸುತ್ತಿದ್ದ.
ಹೆಣವೊಂದಕ್ಕೆ ಇಷ್ಟು ಎಂದು ಮೇಲುಸಂಪಾದನೆ.
ಪ್ಲೇಗಿನ ವರ್ಷ ಅದು ಹೆಚ್ಚಿತು.
ಮೂರು ಹೆಣಕ್ಕೆ ಮಾತ್ರ ದುಡ್ಡು ಮುಟ್ಟಲಿಲ್ಲ,
ಹತ್ತನೆಯ ಸಾಲು ಅಷ್ಟೇ ಹೇಳುತ್ತದೆ.
ಹನ್ನೊಂದನೆಯದು: ಈ ಗೀತೆ ಆ ವರ್ಷದ್ದು.

ಇದರಲ್ಲಿ ರಾಗವಿರುವುದೇ ಟೆನರಿನಲ್ಲಿ.
ಉಳಿದ ನಾವು ಅದಕ್ಕೆ ಹಬ್ಬುವ ಬಳ್ಳಿ.
ನಲವತ್ತು ವರ್ಷ ಆ ಗೂಟವಾಗಿ ನಿಂತವರು ಸಾಲಿನ್ಸ್,
ಪರೇಲಿನ ರೈಲ್ವೆ ವರ್ಕ್‌ಶಾಪಿನ ಲೇತಿನಿಂದ
ಉಗುರಸಂದಿಯ ಗ್ರೀಸಿನೊಂದಿಗೆ ಪ್ರಾಕ್ಟೀಸಿಗೆ ಬರುವವರು.
ಪುಸ್ತಕ ಬಾಯಲ್ಲೇ ಇತ್ತು.
ಕಳೆದ ಲೆಂಟಿನಲ್ಲಿ ಬಾಯಿಯ ಜೊತೆ ಹೋಯಿತು.

ಹೋಯಿತೆಂದುಕೊಂಡೆವು.
ಅವರ ಹೆಂಡತಿ ಕೃಪಾವತಿಯಮ್ಮ
ಒಂದು ಬಿಸ್ಕಿಟ್ ಡಬ್ಬಿ ತಂದು ಕೊಟ್ಟರು.
ತುಂಬ ಲೈಟ್ ಬಿಲ್ಲು, ಬಿಲ್ಲುಗಳ ಬೆನ್ನ ಮೇಲೆ
ದುಂಡಗಿನ ಕನ್ನಡ ಅಕ್ಷರದಲ್ಲಿ ದೊ ರೆ ಮಿ.
ಎಪ್ಪತ್ತೆಂಟರ ಬಿಲ್ಲಿನಲ್ಲಿ ಗೀತೆಯ ತುತ್ತತುದಿಯ ಸ್ವರ
ಮೇಲಿನ ದೊ, ನೀಲಿ ಶಾಯಿ.
ತೊಂಬತ್ತೊಂಬತ್ತರಲ್ಲಿ ಅದೇ ಜಾಗದಲ್ಲಿ ಲಾ.
ಆಮೇಲಿನದರಲ್ಲಿ ಪೆನ್ಸಿಲು, ಸೊ,
ಅದೂ ಗೀಚಿ ಬರೆದದ್ದು, ನಾಚಿಕೊಂಡ ಹಾಗೆ.

ನಾನು ನನ್ನ ಆಲ್ಟೊ ಪುಸ್ತಕ ತೆಗೆದು ನೋಡಿದೆ.
ಆ ಜಾಗದಲ್ಲಿ ನನಗಿರುವುದು ಮಿ.
ಇಪ್ಪತ್ತು ವರ್ಷದಿಂದ ನಾನು ರೆ ಹಾಡುತ್ತಿದ್ದೇನೆ.
ಅವರು ಇಳಿದದ್ದು ಗೊತ್ತಿಲ್ಲದೆ, ಇಳಿದಿದ್ದೇನೆ.
ಬಾಸ್ ಕೂಡ ಒಂದು ಮೆಟ್ಟಿಲು ಸರಿದಿದೆ,
ಕೇಳಿದರೆ ಆ ಗಂಡಸರು ಒಪ್ಪುವುದಿಲ್ಲ.

"ಯಾವುದನ್ನು ಹಾಡುವುದು?" ಅಂದರು ಎಬನೇಜರ ಅಮ್ಮಣ್ಣ ಮಾಸ್ತರು.
"ಹಾರ್ಟಪ್ಪನದೋ, ಸಾಲಿನ್ಸಪ್ಪನದೋ?"
ಯಾರೂ ನಗಲಿಲ್ಲ.

ಆಡ್ವೆಂಟಿಗೆ ಮುಂಚಿನ ಭಾನುವಾರ,
ಆ ವರ್ಷ ತೀರಿಕೊಂಡವರ ಹೆಸರು ಓದುವ ದಿನ,
ಪಾರ್ಸೆಲ್ ಚೀಲವನ್ನು ಬಾಗಿಲಲ್ಲೇ ಇಳಿಸಿ ಬಂದ
ಹತ್ತೊಂಬತ್ತರ ಜೀವನ್ ಬಂಗೇರ
ಎಪ್ಪತ್ತೆಂಟರ ಬಿಲ್ಲು ಹಿಡಿದು ನಿಂತ.
ಕೆಳಗೆ ಸ್ಲೋ ಲೋಕಲು ಬಂದು, ನಿಂತು, ಹೋಯಿತು.
ಹುಡುಗ ದೊ ಮುಟ್ಟಿದ.
ಮಿ ಎಂದೆ ನಾನು. ಗಂಟಲು ಸ್ವಲ್ಪ ಒಡೆಯಿತು.

ಮೂರನೆಯ ಬೆಂಚಿನಲ್ಲಿ ಕೃಪಾವತಿಯಮ್ಮ ತಲೆಯೆತ್ತಿದರು,
ಯಾರೋ ಗುರುತಿಲ್ಲದವರು ಒಳಗೆ ಬಂದ ಹಾಗೆ.
ಒಂದು ಗಳಿಗೆ ನೋಡಿದರು.
ಆಮೇಲೆ ಸೆರಗು ಎಳೆದುಕೊಂಡು ಪಕ್ಕಕ್ಕೆ ಸರಿದರು,
ಲೋಕಲಿನಲ್ಲಿ ನಾಲ್ಕನೆಯವರಿಗೆ
ಜಾಗ ಬಿಡುವಷ್ಟು.